ಅರವತ್ತು ಎಂದರೆ ನಲವತ್ತು

ಮಾನ್ಯ ಅಧ್ಯಕ್ಷರೇ, ಈ ಊರಿನ ಅರಸರಾದ ಟೊಗ್ಬೆಯವರೇ, ಅವರ ಎಡಬಲದ ಹಿರಿಯರೇ, ವಿಶ್ವವಿದ್ಯಾಲಯದಿಂದ ಇಷ್ಟು ದೂರ ಧೂಳು ಕುಡಿದು ಬಂದ ಪ್ರಾಧ್ಯಾಪಕರೇ, ಪಾದ್ರಿಗಳೇ, ಹಿತ್ತಾಳೆ ವಾದ್ಯದವರೇ, ಡೆಗ್ಬೆಕೊಪೆ ನೀರು ಸರಬರಾಜು ಕೇಂದ್ರದ ನನ್ನ ಸಹೋದ್ಯೋಗಿಗಳೇ, ಹತ್ತು ಗಂಟೆಗೆ ಕರೆದರೆ ಹನ್ನೆರಡೂವರೆಗೆ ತಪ್ಪದೆ ಬಂದ ನನ್ನ ಪ್ರೀತಿಯ ಸಭಿಕರೇ,

ಮೂವತ್ತೇಳು ವರ್ಷ ನಿಮಗೆ ನೀರು ಕೊಟ್ಟಿದ್ದೇನೆ. ಇವತ್ತು ನನಗೆ ಒಂದು ಲೋಟ ನೀರು ಕೊಡಿ ಎಂದು ಮೂರು ಸಲ ಕೇಳಿದೆ. ಇನ್ನೂ ಬಂದಿಲ್ಲ. ನಿವೃತ್ತಿ ಎಂದರೆ ಇದೇ ಇರಬೇಕು.

ನಾನು ಬರೆದುಕೊಂಡು ಬಂದ ಭಾಷಣ ಇಲ್ಲಿದೆ. ಏಳು ಪುಟ. ವಿಷಯವನ್ನು ನೀವೇ ಕೊಟ್ಟಿರಿ: ವಿಶ್ವವಿದ್ಯಾಲಯದ ಪದವಿ ನಮ್ಮ ಮಕ್ಕಳನ್ನು ಕೆಲಸಕ್ಕೆ ಎಷ್ಟರಮಟ್ಟಿಗೆ ಸಿದ್ಧಪಡಿಸುತ್ತದೆ? ಪ್ರಾಧ್ಯಾಪಕರು ಬರುತ್ತಾರೆ, ಯಾವೊ ಜೊಕೊಟೊ ಎಂಬ ನಾನು ನಾಲ್ಕು ಬಿಸಿ ಮಾತಾಡಲಿ ಎಂದು ನೀವು ಬಯಸಿದಿರಿ. ಈ ವಿಷಯದ ಬಗ್ಗೆ ನಾನು ಪತ್ರಿಕೆಗಳಿಗೆ ಹನ್ನೊಂದು ಪತ್ರ ಬರೆದವನು, ಅವುಗಳಲ್ಲಿ ನಾಲ್ಕು ಅಚ್ಚಾದವು ಎಂಬುದು ಊರಿಗೇ ಗೊತ್ತು. ಆದರೆ ಈಗ ಹತ್ತು ನಿಮಿಷದ ಹಿಂದೆ ನನ್ನ ಹೆಸರಿನ ಬಿನ್ನವತ್ತಳೆಯನ್ನು ನೀವು ಓದಿದಿರಿ. ಓದಿ, ಗಾಜು ಹಾಕಿದ ಚೌಕಟ್ಟಿನ ಸಮೇತ ನನ್ನ ಕೈಗೆ ಕೊಟ್ಟಿರಿ. ಅದರ ನಾಲ್ಕನೆಯ ಸಾಲು ಕೇಳಿದಾಗಿನಿಂದ ನನ್ನ ತಲೆ ಸರಿಯಾಗಿ ನಿಂತಿಲ್ಲ.

ನಾಲ್ಕನೆಯ ಸಾಲನ್ನು ಇನ್ನೊಮ್ಮೆ ಓದುತ್ತೇನೆ. "ನಾಲ್ಕುನೂರ ಹನ್ನೆರಡು ವಿದ್ಯಾರ್ಥಿಗಳಿಗೆ ಪಂಪುಮನೆಯ ಕೆಲಸವನ್ನು ಕೈಹಿಡಿದು ಕಲಿಸಿದ ಗುರು."

ನಾಲ್ಕುನೂರ ಹನ್ನೆರಡು. ನಾಲ್ಕುನೂರು ಎಂದಿದ್ದರೆ ಹೊಗಳಿಕೆ ಎಂದು ಬಿಟ್ಟುಬಿಡುತ್ತಿದ್ದೆ. ಬಿನ್ನವತ್ತಳೆಯಲ್ಲಿ ಎಲ್ಲರೂ ದೊಡ್ಡವರೇ, ಎಲ್ಲರೂ ನಗುಮುಖದವರೇ. ಆದರೆ ಹನ್ನೆರಡು? ಹನ್ನೆರಡು ಎಂದು ಬರೆಯಬೇಕಾದರೆ ಯಾರೋ ಕೂತು ಲೆಕ್ಕ ಮಾಡಿದ್ದಾರೆ. ಕಚೇರಿಯ ಹಿಂದಿನ ಕಬ್ಬಿಣದ ಬೀರು ತೆರೆದು, ಗೆದ್ದಲು ಕೊಡವಿ, ತರಬೇತಿಗೆ ಬಂದ ಒಬ್ಬೊಬ್ಬ ವಿದ್ಯಾರ್ಥಿಯ ತರಬೇತಿ ಪುಸ್ತಕದ ಪ್ರತಿಯನ್ನೂ ಎತ್ತಿ, ಕೊನೆಯ ಪುಟದ ನನ್ನ ಸಹಿಯನ್ನು ಎಣಿಸಿದ್ದಾರೆ.

ಅವರು ಯಾರೆಂದು ನನಗೆ ಗೊತ್ತು. ನಮ್ಮಲ್ಲಿ ಬಿನ್ನವತ್ತಳೆ ಬರೆಯುವ ಕೆಲಸವನ್ನು ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿ ಎಲ್ಲರಿಗಿಂತ ಕಡಿಮೆ ಸಂಬಳ ಪಡೆಯುವವರಿಗೆ ಕೊಡುತ್ತಾರೆ. ಇದನ್ನು ಬರೆದವಳು ಎಸಿನಾಮ್ ಕ್ಪೊಡೊ. ಅಲ್ಲಿ ಐದನೆಯ ಸಾಲಿನ ಕೊನೆಯಲ್ಲಿ, ನೀಲಿ ಉಡುಪಿನಲ್ಲಿ ಕೂತಿದ್ದಾಳೆ. ಎಂಜಿನಿಯರಿಂಗ್ ಪದವೀಧರೆ, ಪ್ರಥಮ ದರ್ಜೆ. ನಮ್ಮಲ್ಲಿ ಆರು ತಿಂಗಳ ಪ್ರೊಬೇಷನ್ ಮೇಲಿದ್ದಾಳೆ. ಇವತ್ತಿಗೆ ಆ ಆರು ತಿಂಗಳು ಮುಗಿಯುತ್ತದೆ. ಅವಳನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂಬ ವರದಿಯನ್ನು ಬರೆಯಬೇಕಾದವನು ನಾನು. ಬರೆದಿದ್ದೇನೆ. ಲಕೋಟೆಯಲ್ಲಿದೆ. ಇಂದು ಸಂಜೆ ಐದರೊಳಗೆ ಅಧ್ಯಕ್ಷರ ಕೈ ಸೇರಬೇಕು. ಹಬ್ಬದ ಬಟ್ಟೆ ಹೊದ್ದ ಮನುಷ್ಯನಿಗೆ ಜೇಬಿರುವುದಿಲ್ಲವಾದ್ದರಿಂದ ಲಕೋಟೆ ನನ್ನ ಹೆಂಡತಿ ಅಬ್ಲಾಳ ಕೈಚೀಲದಲ್ಲಿದೆ. ಅಬ್ಲಾ, ಚೀಲವನ್ನು ಈಗಲೇ ತೆರೆಯಬೇಡ.

ಇರಲಿ, ವಿಷಯಕ್ಕೆ ಬರುತ್ತೇನೆ.

ಪ್ರಾಧ್ಯಾಪಕರೇ, ನಿಮ್ಮ ವಿಭಾಗದ ಪಠ್ಯಕ್ರಮವನ್ನು ನಾನು ತರಿಸಿಕೊಂಡು ಓದಿದ್ದೇನೆ. ಇಲ್ಲಿ ಕೂತವರಲ್ಲಿ ಎಷ್ಟು ಜನ ಓದಿದ್ದಾರೆ? ನೀವಾದರೂ ಪೂರ್ತಿ ಓದಿದ್ದೀರಾ? ಪಂಪಿನ ಬಗ್ಗೆ ಮೂವತ್ತೇಳು ಪುಟಗಳಿವೆ. ಅದರಲ್ಲಿ ಒಂದು ಕಡೆಯೂ ಪಂಪು ಕೆಟ್ಟಿಲ್ಲ. ಎಂಥ ಪುಣ್ಯವಂತ ಪಂಪು! ನದಿಯಲ್ಲಿ ಜೊಂಡಿಲ್ಲ, ವಿದ್ಯುತ್ತು ಹೋಗುವುದಿಲ್ಲ, ಬಿಡಿಭಾಗ ಬಂದರಿನಲ್ಲಿ ಎಂಟು ತಿಂಗಳು ಕೊಳೆಯುವುದಿಲ್ಲ. ನಾನು ಕಲಿತ ತಾಂತ್ರಿಕ ಶಾಲೆಯಲ್ಲಿ ಹನ್ನೊಂದು ಜನಕ್ಕೆ ಎರಡು ಪಂಪುಗಳಿದ್ದವು. ಎರಡೂ ಕೆಟ್ಟಿದ್ದವು. ಅದರಿಂದಲೇ ನಾವು ಕಲಿತದ್ದು. ನಿಮ್ಮಲ್ಲಿ ಇನ್ನೂರು ಜನಕ್ಕೆ ಒಂದು ಪಂಪಿದೆಯಂತೆ, ಕೆಡಬಾರದೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೀರಂತೆ. ನಾನು ಮೊದಲು ನಂಬಲಿಲ್ಲ. ಎಸಿನಾಮ್ ಪ್ರಮಾಣ ಮಾಡಿ ಹೇಳಿದಳು.

ಚಪ್ಪಾಳೆ ಸಾಕು. ಈ ಭಾಗ ನನಗೆ ಬಾಯಿಪಾಠ. ಇದೇ ಮಾತನ್ನು ಹನ್ನೊಂದು ಪತ್ರಗಳಲ್ಲಿ ಬರೆದಿದ್ದೇನೆ. ಪ್ರತಿ ಪತ್ರದ ಕೊನೆಗೂ ಕೇಳಿದ್ದೇನೆ: ಪ್ರಥಮ ದರ್ಜೆ ಪಡೆದವರು ಪೇಟೆಯ ಲಾರಿ ನಿಲ್ದಾಣದಲ್ಲಿ ಕೊಡೆಯ ಕೆಳಗೆ ಕೂತು ಮೊಬೈಲಿಗೆ ಹಣ ತುಂಬಿಕೊಡುತ್ತಿದ್ದಾರಲ್ಲ, ಯಾರು ಹೊಣೆ? ಎಸಿನಾಮ್ ಎರಡೂವರೆ ವರ್ಷ ಅದೇ ಕೊಡೆಯ ಕೆಳಗೆ ಕೂತಿದ್ದಳು. ನಾನು ಅವಳ ಹತ್ತಿರವೇ ಹಣ ತುಂಬಿಸುತ್ತಿದ್ದೆ. "ಎಫೊ, ಇವತ್ತು ನದಿ ಹೇಗಿದೆ?" ಎಂದು ಕೇಳುತ್ತಿದ್ದಳು. ಅಣ್ಣ ಎನ್ನುವ ಹಾಗೆ ನಮ್ಮಲ್ಲಿ ಎಫೊ ಎನ್ನುತ್ತಾರೆ. ಆ ಕೊಡೆಯ ಕೆಳಗೆ ಕೂತು ನದಿ ಹೇಗಿದೆ ಎಂದು ಕೇಳುವವರು ಬೇರೆ ಯಾರಿದ್ದರು?

ಎಲ್ಲಿದ್ದೆ? ಹೌದು, ಹೊಣೆ.

ಒಂದು ಕಾಲದಲ್ಲಿ ನಾನು ಕಲಿಸುತ್ತಿದ್ದೆ. ಇದು ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಸಾವಿರದ ಒಂಬೈನೂರ ತೊಂಬತ್ತರಲ್ಲಿ ವಿಶ್ವವಿದ್ಯಾಲಯ ನಮ್ಮಲ್ಲಿಗೆ ಮೊದಲ ವಿದ್ಯಾರ್ಥಿಯನ್ನು ಮೂರು ತಿಂಗಳ ತರಬೇತಿಗೆ ಕಳಿಸಿತು. ಕಡ್ಡಿಯಂಥ ಹುಡುಗ, ಬಿಳಿ ಬೂಟು. ಮೊದಲ ದಿನವೇ ಆ ಬೂಟಿನ ಮೇಲೆ ಗ್ರೀಸು ಬಿತ್ತು. "ಹೋಯ್ತಲ್ಲೋ ನಿನ್ನ ಬೂಟು," ಎಂದೆ. "ಬೂಟು ಹೋಗ್ಲಿ ಎಫೊ, ಅದು ಯಾಕೆ ಹಾಗೆ ಕಿರುಚ್ತಿದೆ?" ಎಂದ. ಎರಡನೆಯ ಪಂಪಿನ ಬೇರಿಂಗು ಆಗಷ್ಟೇ ಹಾಳಾಗಲು ಶುರುವಾಗಿತ್ತು. ನಮ್ಮ ಆಗಿನ ಯಜಮಾನರಿಗೇ ಅದು ಕೇಳಿಸಿರಲಿಲ್ಲ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೈಗೂ ಹಿಡಿಯನ್ನು ಕಿವಿಯ ಮೂಳೆಗೂ ಒತ್ತಿ ಹಿಡಿದರೆ ಒಳಗಿನದೆಲ್ಲ ಕೇಳಿಸುತ್ತದೆ ಎಂದು ತೋರಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. "ಒಳಗೆ ಕೋಳಿಮರಿ ಅಳ್ತಿದೆ ಎಫೊ!" ಎಂದ. ಇಪ್ಪತ್ತೆರಡು ವರ್ಷದ ಹುಡುಗ, ಮಗುವಿನ ಹಾಗೆ ಕುಣಿದ. ಮೂರು ತಿಂಗಳು ನನಗೆ ಗೊತ್ತಿದ್ದುದೆಲ್ಲವನ್ನೂ ಅವನ ಮೇಲೆ ಸುರಿದೆ. ಅಬ್ಲಾ ಮಾಡಿದ ಅಕ್ಪ್ಲೆ ಮುದ್ದೆ, ಬೆಂಡೆಕಾಯಿ ಸಾರು ಅವನಿಗೂ ಒಂದು ಪಾಲು. "ನಿಮ್ಮ ತಟ್ಟೆಯದನ್ನೂ ಅವನಿಗೇ ಹಾಕಿ, ನೀವು ಪಂಪಿನ ಶಬ್ದ ಕೇಳ್ಕೊಂಡೇ ಹೊಟ್ಟೆ ತುಂಬಿಸ್ಕೊಳ್ಳಿ," ಎಂದು ರೇಗಿಸುತ್ತಿದ್ದಳು.

ಆ ಹುಡುಗ ಇಂದಿನ ಅಧ್ಯಕ್ಷರು. ನಮ್ಮ ವಲಯ ವ್ಯವಸ್ಥಾಪಕರಾದ ಶ್ರೀ ಸೆಲೊರ್ಮ್ ಅಮೆಜ್ರೊ ಅವರು. ಚಪ್ಪಾಳೆ ತಟ್ಟಿ. ಜೋರಾಗಿ ತಟ್ಟಿ, ಅವರಿಗೆ ಈಗ ಕಿವಿ ಸ್ವಲ್ಪ ಮಂದ.

ನಾಲ್ಕು ವರ್ಷದ ನಂತರ ಅವರು ನಮ್ಮ ಕೇಂದ್ರಕ್ಕೇ ಎಂಜಿನಿಯರ್ ಆಗಿ ಬಂದರು. ನನ್ನ ಮೇಲಧಿಕಾರಿಯಾಗಿ. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಯಾರು ಹೇಳಿದರು? ಬೆಳಿಗ್ಗೆ ಹೊಸ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವರು ಕಾರಿನಿಂದ ಇಳಿದರು, ನನ್ನನ್ನು ನೋಡಿದರು, "ಜೊಕೊಟೊ, ಹೋದ ವರ್ಷದ ಫೈಲು ಸ್ವಲ್ಪ ಮೇಲಕ್ಕೆ ತನ್ನಿ," ಎಂದರು. ಅಷ್ಟೇ. ಅದರಲ್ಲಿ ತಪ್ಪೇನಿದೆ? ಅಧಿಕಾರಿ ಫೈಲು ಕೇಳಬಾರದೇ? ಇಂಥ ಸಣ್ಣ ವಿಷಯವನ್ನು ನಾನು ನೆನಪಿಟ್ಟುಕೊಳ್ಳುವವನಲ್ಲ. ಅದು ಸೋಮವಾರ, ಎಂಟು ಗಂಟೆ ಇಪ್ಪತ್ತು ನಿಮಿಷ. ಫೈಲಿನ ಬಣ್ಣ ಹಸಿರು.

ಅಧ್ಯಕ್ಷರೇ, ಇದು ನಿಮ್ಮ ಮೇಲಿನ ದೂರಲ್ಲ. ನಿಮಗದು ನೆನಪೂ ಇರಲಿಕ್ಕಿಲ್ಲ. ನಾನು ಹೇಳಲು ಹೊರಟದ್ದು ಬೇರೆ. ನಡುವೆ ಯಾರನ್ನೂ ಕಳಿಸದಿದ್ದ ವಿಶ್ವವಿದ್ಯಾಲಯ ಅದರ ಮುಂದಿನ ವರ್ಷ ಹದಿನಾಲ್ಕು ಜನರನ್ನು ಕಳಿಸಿತು. ನಾನು ಪಂಪುಮನೆಯ ಬಾಗಿಲಲ್ಲಿ ನಿಂತು, ಒಳಗೆ ಅಪಾಯ, ಬೇಡ ಎಂದೆ. ಅಪಾಯ ನಿಜವೇ. ನಮ್ಮ ಹುಡುಗನೊಬ್ಬನ ಬೆರಳು ಹೋಗಿತ್ತು. ಆದ್ದರಿಂದ ಕಚೇರಿಯಲ್ಲಿ ಕೂರಿಸಿದೆ. ನೀರಿನ ಬಿಲ್ಲುಗಳನ್ನು ಬೀದಿವಾರು ಜೋಡಿಸಿದರು, ಸ್ಟೇಪಲ್ ಹೊಡೆದರು, ನಮಗೆ ಮಧ್ಯಾಹ್ನದ ಕೆಂಕಿ ಕಡುಬು ಮತ್ತು ಹುರಿದ ಮೀನು ತಂದುಕೊಟ್ಟರು. ಮೂರು ತಿಂಗಳಾದ ಮೇಲೆ ತರಬೇತಿ ಪುಸ್ತಕ ಚಾಚಿದರು. "ಏನು ಬರೀಲಿ ಎಫೊ?" ಎಂದರೆ, "ಹಿಂದೆ ಬಂದವನ ಪುಸ್ತಕ ಅಲ್ಲಿದೆ, ನೋಡ್ಕೊಂಡು ಬರಿ," ಎನ್ನುತ್ತಿದ್ದೆ. ಅವರು ಬರೆದರು: ಪಂಪು ಬಿಚ್ಚಿದೆ, ಬೇರಿಂಗು ಬದಲಿಸಿದೆ, ಪಟಿಕದ ಪ್ರಮಾಣ ನಿರ್ಧರಿಸಿದೆ. ನಾನು ಕೆಳಗೆ 'ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದೆ. ವಿಶ್ವವಿದ್ಯಾಲಯ ಅದನ್ನು ನೋಡಿ ಅಂಕ ಕೊಟ್ಟಿತು. ಪ್ರಾಧ್ಯಾಪಕರೇ, ನಿಮ್ಮವರು ಒಮ್ಮೆಯಾದರೂ ಬಂದು ನೋಡಿದರೇ? ಬರಲಿಲ್ಲ. ಬಂದಿದ್ದರೆ ನಾನು ಒಳಗೆ ಬಿಡುತ್ತಿದ್ದೆನೇ? ಅದೂ ಗೊತ್ತಿಲ್ಲ.

ಇಲ್ಲಿ ನನಗೆ ಗೊಂದಲ ಶುರುವಾಗುತ್ತದೆ. ಬೇರಿಂಗು ಮುಟ್ಟದವರಿಗೆ ಬೇರಿಂಗು ಬರುತ್ತದೆಂದು ಬರೆದುಕೊಟ್ಟವನು ಒಬ್ಬ. ಪದವೀಧರರಿಗೆ ಬೇರಿಂಗು ಗೊತ್ತಿಲ್ಲವೆಂದು ಪತ್ರಿಕೆಗೆ ಬರೆದವನು ಇನ್ನೊಬ್ಬ. ಇಬ್ಬರ ಸಹಿಯೂ ಒಂದೇ. ಈ ಇಬ್ಬರೂ ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಹೇಗೆ ಸಾಧ್ಯ? ನೀವು ಹೇಳಿ, ಹೇಗೆ ಸಾಧ್ಯ?

ಎಸಿನಾಮ್ ಆರು ವರ್ಷದ ಹಿಂದೆ ಹಾಗೆಯೇ ತರಬೇತಿಗೆ ಬಂದು ಬಿಲ್ಲು ಜೋಡಿಸಿದವಳು. ಪಂಪುಮನೆಯ ಕಿಟಕಿಗೆ ಮುಖವೊತ್ತಿ ನಿಂತಿರುತ್ತಿದ್ದಳು. "ಏ ಕೂಸೇ, ಕಿಟಕಿ ಕೊಳೆಯಾಗುತ್ತೆ, ಹೋಗು," ಎಂದು ಓಡಿಸುತ್ತಿದ್ದೆ. ನಾಲ್ಕುನೂರ ಹನ್ನೆರಡರಲ್ಲಿ ಅವಳೂ ಒಬ್ಬಳು. ಅವಳ ಪುಸ್ತಕದಲ್ಲೂ 'ಅತ್ಯುತ್ತಮ' ಇದೆ. ಹಾಗಿರುವಾಗ 'ಕೈಹಿಡಿದು ಕಲಿಸಿದ ಗುರು' ಎಂದು ಅವಳೇ ಬರೆದರೆ ನಾನು ಏನೆಂದು ತಿಳಿಯಲಿ? ಗೇಲಿಯೇ? ವರದಿ ನನ್ನ ಕೈಯಲ್ಲಿದೆ ಎಂದು ಬೆಣ್ಣೆಯೇ? ಅಥವಾ ತರಬೇತಿ ಎಂದರೆ ಇಷ್ಟೇ ಎಂದು ಆ ಮಗು ನಿಜವಾಗಿ ನಂಬಿದೆಯೇ? ಮೂರನೆಯದಾದರೆ ನನಗೆ ಹೆಚ್ಚು ಭಯ.

ಟೊಗ್ಬೆಯವರೇ, ಹೋದ ಮಳೆಗಾಲದಲ್ಲಿ ಎರಡು ದಿನ ಊರಿನ ನಲ್ಲಿಗಳಲ್ಲಿ ಕೆಂಪು ನೀರು ಬಂದದ್ದು ನಿಮಗೆ ನೆನಪಿದೆ. ನಿಮ್ಮ ಮೊಮ್ಮಗನ ನಾಮಕರಣಕ್ಕೆ ಪಕ್ಕದ ಊರಿನ ಬಾವಿಯಿಂದ ನೀರು ಹೊರಬೇಕಾಯಿತು. ಆಸ್ಪತ್ರೆಗೆ ಟ್ಯಾಂಕರು ತರಿಸಿದರು. "ಡಿಗ್ರಿ ಹುಡುಗಿ ನೀರು ಕೆಡಿಸಿದಳು" ಎಂದು ಮಾರುಕಟ್ಟೆಯಲ್ಲಿ ಮಾತಾಯಿತು. ಆ ಮಾತನ್ನು ನಾನು ತಡೆಯಲಿಲ್ಲ.

ಆಗ ನಡೆದದ್ದನ್ನು ಕೇಳಿ. ನದಿಯ ನೀರು ಕದಡಿದಾಗ ಅದಕ್ಕೆ ಪಟಿಕದ ದ್ರಾವಣ ಬಿಡುತ್ತೇವೆ, ಮಣ್ಣು ತಳ ಸೇರುತ್ತದೆ. ಎಷ್ಟು ಬಿಡಬೇಕೆಂದು ನಾನು ನೀರನ್ನು ಬೆರಳಿನಲ್ಲಿ ಉಜ್ಜಿ ಹೇಳುತ್ತೇನೆ. ಎಸಿನಾಮ್ ಆರು ಗಾಜಿನ ಪಾತ್ರೆಗಳಲ್ಲಿ ಕಲಕಿ, ಕಾದು ನೋಡಿ, ಲೆಕ್ಕ ಹಾಕಿ ಹೇಳುತ್ತಾಳೆ. ಎರಡಕ್ಕೂ ಉತ್ತರ ಒಂದೇ ಬರುತ್ತದೆ. ಇದನ್ನು ಈವರೆಗೆ ಯಾರಿಗೂ ನಾನು ಹೇಳಿರಲಿಲ್ಲ. ಆದರೆ ಪಟಿಕ ಬಿಡುವ ಯಂತ್ರದ ಮೀಟರು ಹನ್ನೊಂದು ವರ್ಷದಿಂದ ಕೆಟ್ಟಿದೆ. ಮುಳ್ಳು ಅರವತ್ತು ತೋರಿಸಿದರೆ ಹೋಗುವುದು ನಲವತ್ತು. ಅರವತ್ತು ಬೇಕಾದರೆ ತೊಂಬತ್ತಕ್ಕಿಡಬೇಕು. ಇದು ಎಲ್ಲಿಯೂ ಬರೆದಿಲ್ಲ. ನನ್ನ ತಲೆಯಲ್ಲಿತ್ತು. ನಮ್ಮಲ್ಲಿ ಅದನ್ನೇ ಅನುಭವ ಎನ್ನುತ್ತೇವೆ.

ಆ ಗುರುವಾರ ನಾನು ಅಬ್ಲಾಳ ಅಣ್ಣನ ಅಂತ್ಯಕ್ರಿಯೆಗೆಂದು ಪಕ್ಕದ ಜಿಲ್ಲೆಗೆ ಹೋಗಿದ್ದೆ. ಭಾನುವಾರದವರೆಗೆ ರಜೆ. ಮೇಲೆ ಬೆಟ್ಟದಲ್ಲಿ ಮಳೆಯಾಗಿ ನದಿ ಕೆಂಪಾಯಿತು. ಕೇಂದ್ರದಲ್ಲಿ ಅವಳೊಬ್ಬಳೇ ಜವಾಬ್ದಾರಿ. ಲೆಕ್ಕ ಹಾಕಿದಳು, ಅರವತ್ತು ಬಂತು, ಮುಳ್ಳನ್ನು ಅರವತ್ತಕ್ಕಿಟ್ಟಳು, ನಲವತ್ತು ಹೋಯಿತು, ಊರು ಕೆಂಪು ನೀರು ಕುಡಿಯಿತು. ನನ್ನ ವರದಿಯಲ್ಲಿ ಇಷ್ಟನ್ನೇ ಬರೆದಿದ್ದೇನೆ. "ಪುಸ್ತಕದ ಜ್ಞಾನವಿದೆ, ಯಂತ್ರದ ಪರಿಚಯವಿಲ್ಲ. ಕಾಯಂ ಮಾಡಲು ಯೋಗ್ಯರಲ್ಲ."

ಅದರಲ್ಲಿ ಬರೆಯದಿದ್ದುದು ಒಂದಿದೆ.

ಇದನ್ನು ಹೇಳಬೇಕೆಂದು ಬಂದವನಲ್ಲ ನಾನು. ಏಳು ಪುಟದಲ್ಲಿ ಇದಿಲ್ಲ.

ಮುಳ್ಳು ತಿರುಗಿಸುವ ಮೊದಲು ಅವಳು ನನಗೆ ಫೋನು ಮಾಡಿದ್ದಳು. ಸುತ್ತ ಡೋಲು ಬಾರಿಸುತ್ತಿದ್ದರು, ನಾನು ಮರದ ಮರೆಗೆ ಹೋದೆ. ಸ್ಪಷ್ಟವಾಗಿ ಕೇಳಿಸಿತು.

"ಎಫೊ, ನದಿ ಪೂರ್ತಿ ಕೆಂಪಾಗಿದೆ. ಎಷ್ಟಕ್ಕಿಡ್ಲಿ?"

"ನಿನ್ನ ಪುಸ್ತಕ ಏನನ್ನುತ್ತೆ?"

"ಅರವತ್ತು ಅನ್ನುತ್ತೆ. ಆರು ಪಾತ್ರೇಲೂ ನೋಡ್ದೆ."

"ಹಾಗಿದ್ರೆ ಅರವತ್ತಕ್ಕೇ ಇಡು. ನನ್ನನ್ಯಾಕೆ ಕೇಳ್ತೀಯ? ಓದ್ದೋಳು ನೀನು."

ಆಗ ನನಗೆ ಮೀಟರು ಕೆಟ್ಟದ್ದು ನೆನಪಿತ್ತೇ? ಸಭಿಕರೇ, ಐದು ತಿಂಗಳಿಂದ ಇದನ್ನೇ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ. ಡೋಲಿನ ಸದ್ದಿತ್ತು, ಸಾವಿನ ಮನೆ, ಮರೆತಿರಬಹುದು. ಆದರೆ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಮುಳ್ಳನ್ನು ಬೇಕಾದ್ದರ ಒಂದೂವರೆ ಪಟ್ಟಿಗೆ ತಿರುಗಿಸಿದ ಕೈ ಇದು. ಕೈಗಾದರೂ ನೆನಪಿರಬೇಕಿತ್ತಲ್ಲ? ನಾನು ಮರೆತೆನೋ, ಮರೆಯಲು ಬಿಟ್ಟೆನೋ, ನನಗೆ ಗೊತ್ತಿಲ್ಲ. ದೇವರ ಮುಂದೆ ನಿಂತರೂ ಗೊತ್ತಿಲ್ಲ ಎಂದೇ ಹೇಳಬೇಕು. ಎಂಬತ್ತಮೂರರ ಬರದಲ್ಲಿ ಯಾವ ದಿನ ಯಾರ ಮನೆಯಲ್ಲಿ ಏನು ತಿಂದೆ ಎಂದು ಹೇಳಬಲ್ಲ ಮನುಷ್ಯನಿಗೆ ಇದೊಂದು ಗೊತ್ತಿಲ್ಲ.

ವಿಚಾರಣೆ ನಡೆಯಿತು. ಅಧ್ಯಕ್ಷರೇ, ನೀವೇ ಕೇಳಿದಿರಿ: "ಹಿರಿಯರನ್ನ ಒಂದು ಮಾತು ಕೇಳೋಕಾಗ್ಲಿಲ್ವಾ?" ನಾನು ಅಲ್ಲೇ ಕೂತಿದ್ದೆ. ಅವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. "ಲೆಕ್ಕ ನಂದೇ ಸಾರ್," ಎಂದಳು. ಫೋನಿನ ಮಾತು ಎತ್ತಲಿಲ್ಲ. ಅಂದಿನಿಂದ ಇಂದಿನವರೆಗೂ ಎತ್ತಿಲ್ಲ. ಯಾಕೆ? ನನಗೆ ಅರ್ಥವಾಗುವುದಿಲ್ಲ.

ಮೀಟರು ಹನ್ನೊಂದು ವರ್ಷದಿಂದ ಕೆಟ್ಟಿದೆ ಎಂದು ವಿಚಾರಣೆಯಲ್ಲಿ ನನ್ನ ಬಾಯಿಂದಲೇ ಕೇಳಿದವಳು ಮರುದಿನ ಅದರ ಕೆಳಗೆ ಒಂದು ಚೀಟಿ ಅಂಟಿಸಿದಳು. "ಎಚ್ಚರಿಕೆ. ಇಲ್ಲಿ ಅರವತ್ತು ಎಂದರೆ ನಲವತ್ತು." ಕೆಳಗೆ ದಿನಾಂಕ, ಸಹಿ. ನಾನು ಕಿತ್ತು ಹಾಕಿದೆ. "ಯಾರೇ ಇದು ನನ್ನ ಯಂತ್ರದ ಮೇಲೆ ಬರೆದೋರು?" ಎಂದು ಕೂಗಾಡಿದೆ. ಅವಳು ಮೆಲ್ಲಗೆ ಕೇಳಿದಳು, "ಎಫೊ, ಕೆಟ್ಟಿದೆ ಅಂತ ಗೊತ್ತಿತ್ತಲ್ಲ, ಹನ್ನೊಂದು ವರ್ಷ ಯಾಕೆ ಸರಿ ಮಾಡಿಸ್ಲಿಲ್ಲ?" ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಟೆ. ಸರಿಯಾಗಿದ್ದರೆ ಯಾರು ಬೇಕಾದರೂ ನಡೆಸುತ್ತಿದ್ದರು, ಅಲ್ಲವೇ? ಕೆಟ್ಟಿದ್ದರಿಂದಲೇ ನಾನು ಬೇಕಾಗಿದ್ದೆ.

ಆ ಮೀಟರಿನ ಬಗ್ಗೆ ಯೋಚಿಸುತ್ತ ನನಗೊಂದು ಅನುಮಾನ ಬಂತು. ಪ್ರಾಧ್ಯಾಪಕರೇ, ಜೊಕೊಟೊ 'ಅತ್ಯುತ್ತಮ' ಎಂದರೆ ಹುಡುಗ ಮೂರು ತಿಂಗಳು ಬಂದುಹೋದ ಎಂದಷ್ಟೇ ಅರ್ಥ ಎಂದು ನಿಮಗೆ ಗೊತ್ತಿತ್ತೇ? ನೀವು ಪ್ರಥಮ ದರ್ಜೆ ಎಂದರೆ ಎಷ್ಟು ಎಂದು ನಮಗೂ ಗೊತ್ತಿತ್ತು. ನಾವೆಲ್ಲ ಮನಸ್ಸಿನಲ್ಲೇ ಕಳೆದು ಕೂಡಿಸಿಕೊಂಡು ಬದುಕಿದೆವು. ಬರೆದದ್ದನ್ನು ಬರೆದ ಹಾಗೆಯೇ ನಂಬಿದವರು ಆ ಮಕ್ಕಳು ಮತ್ತು ಅವರನ್ನು ಓದಿಸಿದ ತಾಯಂದಿರು ಮಾತ್ರ.

ಮುಗಿಸುತ್ತೇನೆ. ಹಿಂದೆ ಅಕ್ಪ್ಲೆ ಗಟ್ಟಿಯಾಗುತ್ತಿದೆ ಎಂದು ಅಡುಗೆಯ ಅಮ್ಮಂದಿರು ಕೈಸನ್ನೆ ಮಾಡುತ್ತಿದ್ದಾರೆ.

ನಿನ್ನೆ ಆ ವರದಿಯನ್ನು ಲಕೋಟೆಗೆ ಹಾಕುವಾಗ ಅಬ್ಲಾ ಕೈಯಿಂದ ಕಿತ್ತುಕೊಂಡು ಓದಿದಳು. ಅವಳು ಓದಿದ್ದು ಆರನೆಯ ತರಗತಿ. ಓದಿ, ಕನ್ನಡಕ ತೆಗೆದಳು. "ಅಲ್ರೀ, ಈ ಹುಡುಗಿಗೆ ಏನೂ ಬರಲ್ಲ ಅಂತ ಮೇಲೆ ಬರ್ದಿದ್ದೀರಿ. 'ತರಬೇತಿ ನೀಡಿದವರ ಹೆಸರು' ಅಂತ ಕೆಳಗೆ ಇರೋ ಕಡೆ ನಿಮ್ಮದೇ ಹೆಸರು ಬರ್ದಿದ್ದೀರಿ. ಇದ್ರಲ್ಲಿ ಬೈಸ್ಕೊಂಡಿರೋದು ಯಾರು?" ಎಂದಳು. "ನಿಂಗೆ ಕಚೇರಿ ವ್ಯವಹಾರ ಗೊತ್ತಾಗಲ್ಲ, ಕೊಡು," ಎಂದೆ. "ಹೌದು, ನಂಗೆ ಗೊತ್ತಾಗಲ್ಲ. ನಂಗೆ ಗೊತ್ತಿರೋದು ಒಂದೇ. ಆ ಅಮೆಜ್ರೊ ಹುಡುಗ ಹೋದ್ಮೇಲೆ ನೀವು ಯಾರ್ನೂ ಮನೆಗೆ ಊಟಕ್ಕೆ ಕರ್ಕೊಂಡು ಬರ್ಲಿಲ್ಲ," ಎಂದಳು.

ಅಬ್ಲಾ, ಈಗ ಚೀಲ ತೆರೆ. ಲಕೋಟೆ ತೆಗೆದುಕೊಂಡು ಬಾ. ಪೆನ್ನೂ ಕೊಡು.

ಬಿನ್ನವತ್ತಳೆಯನ್ನು ತಿದ್ದೋಣವೆಂದರೆ ಗಾಜು ಹಾಕಿಬಿಟ್ಟಿದ್ದೀರಿ. ಆದ್ದರಿಂದ ಬಾಯಲ್ಲೇ ತಿದ್ದುತ್ತೇನೆ, ಸಭೆಯ ಕಾರ್ಯದರ್ಶಿ ಬರೆದುಕೊಳ್ಳಲಿ: ನಾನು ಕಲಿಸಿದ್ದು ನಾಲ್ಕುನೂರ ಹನ್ನೆರಡು ಜನರಿಗಲ್ಲ. ಒಬ್ಬನಿಗೆ. ಅವನು ಇಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿದ್ದಾನೆ. ಇವತ್ತೊಂದು ದಿನ 'ಅವನು' ಎನ್ನುತ್ತೇನೆ, ಕ್ಷಮಿಸಬೇಕು.

ಲಕೋಟೆ ಬಂತು. 'ಯೋಗ್ಯರಲ್ಲ' ಎಂಬುದನ್ನು ಹೊಡೆದುಹಾಕುತ್ತಿದ್ದೇನೆ. 'ಯೋಗ್ಯರು' ಎಂದು ಬರೆಯಲೇ? ನನ್ನ ಕೈಯಿಂದ ಇನ್ನೊಂದು 'ಅತ್ಯುತ್ತಮ' ಹೊರಟರೆ ಅವಳಿಗದು ಬೇಡ, ಊರಿಗೂ ಬೇಡ. 'ತರಬೇತಿ ನೀಡಿದವರು' ಎಂಬ ಕಡೆ ನನ್ನ ಹೆಸರನ್ನೂ ಹೊಡೆದುಹಾಕಿ ಬರೆಯುತ್ತಿದ್ದೇನೆ: ಯಾರೂ ಇಲ್ಲ. ಅದರ ಕೆಳಗೆ ಆ ಗುರುವಾರದ ಫೋನಿನ ಮಾತನ್ನೂ ಬರೆಯುತ್ತೇನೆ. ಅಧ್ಯಕ್ಷರೇ, ಕೇಂದ್ರದ ನಿಯಮಾವಳಿಯನ್ನು ನಾನು ಓದಿದ್ದೇನೆ, ಇಪ್ಪತ್ತೊಂದನೆಯ ನಿಯಮ. ತರಬೇತಿ ನೀಡುವವರಿಲ್ಲದೆ ಕಳೆದ ಪ್ರೊಬೇಷನ್ ಲೆಕ್ಕಕ್ಕಿಲ್ಲ, ಅವಧಿ ಹೊಸದಾಗಿ ಶುರುವಾಗಬೇಕು, ಅಲ್ಲಿಯವರೆಗೆ ಕೆಲಸದಿಂದ ತೆಗೆಯುವಂತಿಲ್ಲ. ಸುಳ್ಳು ವರದಿಗೆ ಸಹಿ ಹಾಕಿದವನನ್ನು ಏನು ಮಾಡಬೇಕೆಂಬುದೂ ಅದರ ಮುಂದಿನ ನಿಯಮದಲ್ಲೇ ಇದೆ. ಅದನ್ನೂ ಓದಿದ್ದೇನೆ. ಐದು ಗಂಟೆಯವರೆಗೆ ನಾನು ಇನ್ನೂ ನಿಮ್ಮ ನೌಕರ.

ಅವಳಿಗೆ ಸೋಮವಾರದಿಂದ ಯಾರು ಕಲಿಸುತ್ತಾರೆ? ಅದೂ ನನಗೆ ಗೊತ್ತಿಲ್ಲ. ಉದ್ದದ ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿದು ಕೇಳಬಲ್ಲವರು ಈ ಸಭೆಯಲ್ಲಿ ಇನ್ನೊಬ್ಬರಿದ್ದಾರೆ. ಅವರ ಕಿವಿ ಮಂದವಾಗಿದ್ದರೂ ಆ ಶಬ್ದ ಮೂಳೆಯಿಂದ ಬರುತ್ತದೆ, ಕೇಳಿಸುತ್ತದೆ.

ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ. ನಾನು ಕಿತ್ತುಹಾಕಿದ ಚೀಟಿ. ಶಿಸ್ತುಭಂಗಕ್ಕೆ ಸಾಕ್ಷಿ ಎಂದು ಜೋಪಾನವಾಗಿ ಇಟ್ಟಿದ್ದೆ. ಎಸಿನಾಮ್, ಇಲ್ಲಿ ಬಾ ತಾಯಿ, ತೆಗೆದುಕೋ. ಹಿಂದಿನ ಅಂಟು ಹೋಗಿದೆ, ಹೊಸದು ಹಚ್ಚಬೇಕು. ಊಟಕ್ಕೆ ಮೊದಲೇ ಹೋಗಿ ಅಂಟಿಸಿಬಿಡು, ಮೋಡ ಕಟ್ಟುತ್ತಿದೆ. ಬಿನ್ನವತ್ತಳೆ ಗೇಲಿಯೋ ಪ್ರೀತಿಯೋ ಎಂದು ನಿನ್ನನ್ನು ಕೇಳುವುದಿಲ್ಲ. ಅಂಟಿಸಿ ಬಂದ ಮೇಲೆ ನನ್ನ ಪಕ್ಕದಲ್ಲೇ ಊಟಕ್ಕೆ ಕೂತುಕೋ. ಅಬ್ಲಾ ನಿನಗೊಂದು ಪಾಲು ಎತ್ತಿಟ್ಟಿರುತ್ತಾಳೆ.

ನನ್ನನ್ನು ಕರೆದು ಕೂರಿಸಿ ಬಟ್ಟೆ ಹೊದಿಸಿದ ನಿಮಗೆಲ್ಲ, ಇಷ್ಟು ಹೊತ್ತು ಹಸಿದು ಕೇಳಿದವರಿಗೆ, ವಾದ್ಯ ಕೆಳಗಿಟ್ಟು ನಿಂತವರಿಗೆ, ಈಗ ತಾನೇ ಎದ್ದು ನನ್ನ ಕಡೆ ಲೋಟ ಹಿಡಿದು ಬರುತ್ತಿರುವ ಅಧ್ಯಕ್ಷರಿಗೆ, ನನ್ನ ವಂದನೆಗಳು. ನೀರು ತಿಳಿಯಾಗಿದೆ ಸೆಲೊರ್ಮ್. ಇವತ್ತು ಬೆಳಿಗ್ಗೆ ಪಟಿಕ ಬಿಟ್ಟವಳು ಅವಳೇ.

ನಮಸ್ಕಾರ.